ಶಾಲಾಬಾಲಕರ ಸಮೀಪದೃಷ್ಟಿ: ಬ್ರೆಸ್ಲೌ ನಗರದ ಪರೀಕ್ಷೆಯೂ ತದನಂತರದ ವಿಚಾರವೂ

ಹತ್ತಿರದ ವಸ್ತುಗಳು ಸ್ಪಷ್ಟವಾಗಿಯೂ ದೂರದವು ಮಸುಕಾಗಿಯೂ ಕಾಣುವ ನೇತ್ರದೋಷಕ್ಕೆ ಕನ್ನಡದಲ್ಲಿ ‘ಸಮೀಪದೃಷ್ಟಿ’ ಎಂಬ ಹೆಸರು ರೂಢವಾಗಿದೆ. ಶಬ್ದವನ್ನು ವಿಚಾರಿಸಿ ನೋಡಿದರೆ ಅದು ದೋಷವನ್ನು ಹೇಳುವುದಿಲ್ಲ. ದೋಷವು ಬಂದಮೇಲೂ ಉಳಿದಿರುವ ಶಕ್ತಿಯನ್ನು ಹೇಳುತ್ತದೆ. ಇದರ ಪ್ರತಿಯೋಗಿಯಾದ ‘ದೂರದೃಷ್ಟಿ’ಯಂತೂ ನಮ್ಮಲ್ಲಿ ಸ್ತುತಿವಾಕ್ಯವೇ ಆಗಿದೆ. ಒಬ್ಬರನ್ನು ದೂರದೃಷ್ಟಿಯುಳ್ಳವರೆಂದರೆ ಅವರನ್ನು ವೈದ್ಯರ ಬಳಿಗೆ ಕಳುಹಿಸಬೇಕೆಂದು ಯಾರೂ ತಿಳಿಯರು. ಗ್ರೀಕರು ಹೆಸರಿಡುವಾಗ ಬೇರೊಂದು ದಾರಿಯನ್ನು ಹಿಡಿದರು. ಅವರ ‘ಮಿಯೋಪ್ಸ್’ ಎಂಬ ಶಬ್ದದಲ್ಲಿ ಮುಚ್ಚುವುದು ಎಂಬ ಅರ್ಥದ ಧಾತುವೂ ಕಣ್ಣು ಎಂಬ ಅರ್ಥದ ಪದವೂ ಸೇರಿವೆ. ದೂರದ್ದನ್ನು ನೋಡಲು ರೆಪ್ಪೆಗಳನ್ನು ಅರ್ಧ ಮುಚ್ಚಿ ಕಣ್ಣನ್ನು ಕಿರಿದುಮಾಡುವವನು ಎಂದು ತಾತ್ಪರ್ಯ. ಇದು ರೋಗಿಯ ಅನುಭವದಿಂದಲ್ಲ, ಎದುರಿಗೆ ನಿಂತವನು ಕಂಡ ಲಕ್ಷಣದಿಂದ ಹುಟ್ಟಿದ ಹೆಸರು. ಈ ಲಕ್ಷಣವು ಮೊದಲು ಕಣ್ಣಿಗೆ ಬೀಳುವ ಸ್ಥಳವು ಪಾಠಶಾಲೆ. ಅದನ್ನು ತಪ್ಪಾಗಿ ತಿಳಿಯುವ ಸ್ಥಳವೂ ಪ್ರಾಯಶಃ ಅದೇ. ಆದುದರಿಂದ ಸಾಹಿತ್ಯೋಪಾಧ್ಯಾಯರು ಓದುವ ಈ ಪತ್ರಿಕೆಯಲ್ಲಿ ಈ ವಿಷಯವನ್ನು ಪ್ರಸ್ತಾಪಿಸುವುದು ಅಪ್ರಕೃತವಾಗದೆಂದು ನಂಬಿದ್ದೇನೆ.

ಮೊದಲು ದೋಷದ ಸ್ವರೂಪವನ್ನು ಸ್ವಲ್ಪ ತಿಳಿಯಬೇಕು. ಪ್ರೌಢನ ನೇತ್ರಗೋಲವು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಉದ್ದವಾಗಿದೆ. ದೂರದಿಂದ ಬಂದ ಕಿರಣಗಳು ಕಣ್ಣಿನ ಮುಂಭಾಗದಲ್ಲಿ ಬಾಗಿ ಹಿಂಭಾಗದ ಅಕ್ಷಿಪಟಲದ ಮೇಲೆ ಒಂದುಗೂಡಿದರೆ ರೂಪವು ಸ್ಪಷ್ಟವಾಗಿ ತೋರುವುದು. ಬೆಳೆಯುವ ವಯಸ್ಸಿನಲ್ಲಿ ಈ ಗೋಲವು ಇರಬೇಕಾದುದಕ್ಕಿಂತ ಉದ್ದವಾದರೆ ಕಿರಣಗಳು ಪಟಲವನ್ನು ಮುಟ್ಟುವ ಮುನ್ನವೇ ಒಂದುಗೂಡಿ, ಪಟಲದ ಮೇಲೆ ಬೀಳುವಾಗ ಮತ್ತೆ ಹರಡಿಕೊಳ್ಳುತ್ತವೆ. ಒಂದೇ ಒಂದು ಮಿಲಿಮೀಟರು ಹೆಚ್ಚಾದರೂ ಬಾಲಕನಿಗೆ ಎರಡೂವರೆ ಮೂರು ಡಯಾಪ್ಟರಿನ ಕನ್ನಡಕವು ಬೇಕಾಗುವುದು. ಮೂರು ಡಯಾಪ್ಟರಿನ ದೋಷವುಳ್ಳವನಿಗೆ ಕಣ್ಣಿನಿಂದ ಒಂದಡಿಗಿಂತ ತುಸು ಆಚೆಗಿರುವುದೆಲ್ಲವೂ ಮಂಜು. ಕೈಯಲ್ಲಿರುವ ಪುಸ್ತಕವು ಸ್ವಚ್ಛ, ಗೋಡೆಯ ಕರಿಹಲಗೆಯು ಬರಿಯ ಕಪ್ಪು. ಹೀಗೆ ಉದ್ದವಾದ ಗೋಲವು ಮತ್ತೆ ಗಿಡ್ಡವಾಗುವುದಿಲ್ಲ. ದೋಷವು ಅತಿಯಾದವರಲ್ಲಿ ಮುಂದೆ ಅಕ್ಷಿಪಟಲವು ಸವೆಯುವ ಅಥವಾ ಕಳಚಿಕೊಳ್ಳುವ ಭಯವೂ ಉಂಟು.

ನಮ್ಮ ಶಾಸ್ತ್ರಗಳಲ್ಲಿ ಇದು ಇದೆಯೇ ಎಂದು ಕೇಳುವವರಿದ್ದಾರೆ. ಸುಶ್ರುತಸಂಹಿತೆಯ ಉತ್ತರತಂತ್ರವು 76 ನೇತ್ರರೋಗಗಳನ್ನು ಗಣಿಸಿ, ಅವುಗಳಲ್ಲಿ 12ನ್ನು ದೃಷ್ಟಿಗತವೆಂದು ಬೇರ್ಪಡಿಸುತ್ತದೆ. ದೂರದ್ದು ಹತ್ತಿರವೆಂದೂ ಹತ್ತಿರದ್ದು ದೂರವೆಂದೂ ತೋರುವ, ಸೂಜಿಯ ಕಣ್ಣು ಕಾಣದಿರುವ ಅವಸ್ಥೆಯು ಅಲ್ಲಿ ವರ್ಣಿತವಾಗಿದೆ. ‘ಹ್ರಸ್ವಜಾಡ್ಯ’ ಎಂಬೊಂದು ರೋಗವೂ ಇದೆ. ಇದೇ ಸಮೀಪದೃಷ್ಟಿಯೆಂದು ಕೆಲವರು ಉತ್ಸಾಹದಿಂದ ಬರೆದಿರುವರು. ನನಗೆ ಆ ಉತ್ಸಾಹವಿಲ್ಲ. ಸೂಜಿಯ ಕಣ್ಣನ್ನು ಕಾಣದವನು ಸಮೀಪದೃಷ್ಟಿಯವನಾಗಲಾರನು. ಹ್ರಸ್ವಜಾಡ್ಯದಲ್ಲಿ ಹೇಳಿರುವುದು ಹಗಲಿನಲ್ಲಿ ಕಷ್ಟದಿಂದ, ರೂಪಗಳನ್ನು ಚಿಕ್ಕದಾಗಿ ಕಾಣುವುದು. ಗಮನಿಸಬೇಕಾದ ಮಾತು ಬೇರೆ ಇದೆ. ನೇತ್ರರೋಗಗಳ ನಿದಾನವನ್ನು ಹೇಳುವಲ್ಲಿ ಸುಶ್ರುತನು ದೂರೇಕ್ಷಣ, ಸೂಕ್ಷ್ಮನಿರೀಕ್ಷಣ ಎಂಬೆರಡನ್ನೂ ಒಂದೇ ಪಟ್ಟಿಯಲ್ಲಿ ಇಟ್ಟಿರುವನು. ಕಣ್ಣಿಗೆ ಶ್ರಮ ಕೊಡುವ ಯಾವ ನೋಟವಾದರೂ ದೋಷಕಾರಿಯೆಂದು ಅವನ ಆಶಯವಾಗಿರಬೇಕು. ವಿದ್ಯಾರ್ಥಿಗಳ ಪ್ರಸ್ತಾವವು ಅಲ್ಲಿಲ್ಲ. ಇರಬೇಕಾದ ಕಾರಣವೂ ಇರಲಿಲ್ಲ. ಕಿವಿಯಿಂದ ಕೇಳಿ ನಾಲಗೆಯಲ್ಲಿ ಉಳಿಸಿಕೊಳ್ಳುವ ವಿದ್ಯೆಗೆ ಕಣ್ಣಿನಿಂದ ಆಗಬೇಕಾದ ಕೆಲಸವು ಅಲ್ಪ.

ಕನ್ನಡಕದ ವಿಷಯದಲ್ಲಿ ಮಾತ್ರ ನಮ್ಮ ನಾಡಿನ ಒಂದು ಸಾಕ್ಷ್ಯವನ್ನು ಬಿಡಲಾಗದು. ಕೃಷ್ಣದೇವರಾಯನ ಕಾಲದವರಾದ ಶ್ರೀ ವ್ಯಾಸರಾಯರು ‘ಉಪಲೋಚನಗೋಲ’ದ ಸಹಾಯದಿಂದ ಗ್ರಂಥಾವಲೋಕನ ಮಾಡುತ್ತಿದ್ದ ಸಂಗತಿಯು ಸೋಮನಾಥಕವಿಯ ವ್ಯಾಸಯೋಗಿಚರಿತದಲ್ಲಿ ಬಂದಿರುವುದನ್ನು ಪುಣೆಯ ವಿದ್ವಾಂಸರಾದ ಪಿ. ಕೆ. ಗೋಡೆಯವರು ಎತ್ತಿ ತೋರಿಸಿರುವರು. ಅದು ಹತ್ತಿರದ್ದನ್ನು ಓದಲು ವೃದ್ಧರು ಧರಿಸುವ ಪೀನಮಸೂರವಾಗಿರಬೇಕು. ಸಮೀಪದೃಷ್ಟಿಗೆ ಬೇಕಾದ ನಿಮ್ನಮಸೂರವು ಯುರೋಪಿನಲ್ಲಿಯೂ ತಡವಾಗಿ, 15ನೆಯ ಶತಮಾನದಲ್ಲಿ ಇಟಲಿಯಲ್ಲಿ ಬಳಕೆಗೆ ಬಂದಿತು. ಅದರಿಂದ ದೂರದ್ದು ಏಕೆ ಸ್ಪಷ್ಟವಾಗುವುದೆಂಬುದನ್ನು 1604ರಲ್ಲಿ ಜ್ಯೋತಿರ್ವಿದನಾದ ಕೆಪ್ಲರನು ವಿವರಿಸಿದನು. ಮುದುಕರಿಗೆ ಕನ್ನಡಕವು ದೊರೆತು, ಮಕ್ಕಳಿಗೆ ದೊರೆಯಲು ಬಹುಕಾಲ ಹಿಡಿಯಿತು. ಮುದುಕನು ತನಗೆ ಮೊದಲಿನಂತೆ ಕಾಣುವುದಿಲ್ಲವೆಂದು ಹೇಳಬಲ್ಲನು. ಬಾಲಕನಿಗೆ ‘ಮೊದಲು’ ಎಂಬುದೇ ಇಲ್ಲ. ಲೋಕವು ಎಲ್ಲರಿಗೂ ಹೀಗೆಯೇ ಮಂಜಾಗಿರುವುದೆಂದು ಅವನು ತಿಳಿದಿರುತ್ತಾನೆ.

ವಿದ್ಯೆಗೂ ಈ ದೋಷಕ್ಕೂ ಸಂಬಂಧವಿದೆಯೆಂದು ಎಣಿಕೆಯ ಮೂಲಕ ತೋರಿಸಿದವರಲ್ಲಿ ಜೇಮ್ಸ್ ವೇರ್ ಎಂಬ ಆಂಗ್ಲ ಶಸ್ತ್ರವೈದ್ಯನು ಮೊದಲಿಗನೆನ್ನಬಹುದು. 1813ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಲೇಖನದಲ್ಲಿ ಅವನು ಹೇಳಿದ್ದೇನೆಂದರೆ: ಸುಮಾರು ಹತ್ತು ಸಾವಿರ ಮಂದಿ ಕಾಲಾಳುಗಳ ಕಾವಲುಪಡೆಯಲ್ಲಿ ಈ ದೋಷವು ಬಹುಮಟ್ಟಿಗೆ ಅಪರಿಚಿತ, ಚೆಲ್ಸಿಯ ಸೈನಿಕಶಾಲೆಯ 1300 ಮಕ್ಕಳಲ್ಲಿ ಕಷ್ಟವನ್ನು ಹೇಳಿಕೊಂಡವರು ಮೂವರು, ಆಕ್ಸ್‌ಫರ್ಡಿನ ಒಂದು ವಿದ್ಯಾಲಯದಲ್ಲಾದರೋ 127 ಮಂದಿಯಲ್ಲಿ 32 ಮಂದಿ ಕನ್ನಡಕವನ್ನೋ ಕೈಮಸೂರವನ್ನೋ ಬಳಸುತ್ತಿದ್ದರು. ವೇರನು ಕಣ್ಣುಗಳನ್ನು ಅಳೆಯಲಿಲ್ಲ, ವಿಚಾರಿಸಿ ತಿಳಿದನಷ್ಟೆ. ಅಳೆಯುವ ಸಾಧನಗಳು ಬಂದುದು ಆಮೇಲೆ. 1851ರಲ್ಲಿ ಹೆಲ್ಮ್‌ಹೋಲ್ಟ್ಸನ ನೇತ್ರದರ್ಶಕವೂ, 1862ರಲ್ಲಿ ಸ್ನೆಲ್ಲೆನ್ನನ ಅಕ್ಷರಫಲಕವೂ, 1864ರಲ್ಲಿ ದೃಷ್ಟಿದೋಷಗಳನ್ನು ಕುರಿತ ಡಾಂಡರ್ಸನ ಮಹಾಗ್ರಂಥವೂ ಹೊರಬಂದುವು. ಕನ್ನಡಕದ ಅಂಗಡಿಯಲ್ಲಿ ಇಂದು ನಾವು ಓದುವ, ಮೇಲಿನಿಂದ ಕೆಳಕ್ಕೆ ಕಿರಿದಾಗುತ್ತ ಹೋಗುವ ಅಕ್ಷರಗಳ ಫಲಕವು ಆ ಸ್ನೆಲ್ಲೆನ್ನನದೇ.

ಈ ಸಾಧನಗಳನ್ನು ಶಾಲೆಯೊಳಕ್ಕೆ ಒಯ್ದವನು ಹರ್ಮನ್ ಕೋಹ್ನ್. ಅವನು 1838ರಲ್ಲಿ ಬ್ರೆಸ್ಲೌ ನಗರದಲ್ಲಿ ಹುಟ್ಟಿ 1906ರಲ್ಲಿ ತೀರಿಕೊಂಡನು. ಆಗ ಪ್ರಷ್ಯದಲ್ಲಿದ್ದ ಆ ನಗರವು ಈಗ ಪೋಲೆಂಡಿಗೆ ಸೇರಿ ವ್ರೊತ್ಸ್‌ವಾಫ್ ಎಂಬ ಹೆಸರನ್ನು ಹೊಂದಿದೆ. ಅವನು 10,060 ಮಕ್ಕಳ ಕಣ್ಣುಗಳನ್ನು ಪರೀಕ್ಷಿಸಿ ಫಲಿತಾಂಶವನ್ನು 1867ರಲ್ಲಿ ಪ್ರಕಟಿಸಿದನು. 1004 ಮಕ್ಕಳು ಸಮೀಪದೃಷ್ಟಿಯವರು. ಇದನ್ನು ಒಟ್ಟಾಗಿ ನೋಡಿದರೆ ನೂರಕ್ಕೆ ಹತ್ತು. ಆದರೆ ವಿಭಾಗಿಸಿ ನೋಡಿದಾಗಲೇ ಅದರ ಅರ್ಥವು ಹೊಳೆಯುವುದು. ಹಳ್ಳಿಯ ಶಾಲೆಗಳಲ್ಲಿ ನೂರಕ್ಕೆ 1.4, ಪಟ್ಟಣದ ಪ್ರಾಥಮಿಕ ಶಾಲೆಗಳಲ್ಲಿ 6.7, ಮಾಧ್ಯಮಿಕ ಶಾಲೆಗಳಲ್ಲಿ 10.3, ವಿಜ್ಞಾನಪ್ರಧಾನವಾದ ಪ್ರೌಢಶಾಲೆಗಳಲ್ಲಿ 19.7, ಲ್ಯಾಟಿನ್ ಗ್ರೀಕ್ ಭಾಷೆಗಳನ್ನು ಕಲಿಸುವ ‘ಗಿಮ್ನಾಸಿಯಂ’ ಶಾಲೆಗಳಲ್ಲಿ 26.2. ಈ ಕೊನೆಯ ಬಗೆಯ ಶಾಲೆಗಳಲ್ಲಿಯೂ ಕೆಳತರಗತಿಯಲ್ಲಿ ಎಂಟರಲ್ಲೊಬ್ಬನಿಗಿದ್ದ ದೋಷವು ಏರುತ್ತ ಏರುತ್ತ ಮೇಲಿನ ತರಗತಿಯಲ್ಲಿ ಅರ್ಧಕ್ಕಿಂತಲೂ ಹೆಚ್ಚು ಮಂದಿಯನ್ನು ಹಿಡಿದಿತ್ತು. ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಲ್ಲಿ ನೂರಕ್ಕೆ ಸುಮಾರು ಅರುವತ್ತು. ಪ್ರಾಚೀನ ಭಾಷೆಗಳ ವ್ಯಾಕರಣಕ್ಕೂ ಕೋಶಕ್ಕೂ ಬಾಲ್ಯವನ್ನು ಒಪ್ಪಿಸಿದ ನನ್ನಂಥವರಿಗೆ ಈ ಪಟ್ಟಿಯು ಸುಖವಾಗಿ ಓದಿಸಿಕೊಳ್ಳುವಂಥದಲ್ಲ.

ದೋಷದ ಮೂಲವು ಶಾಲೆಯೆಂದು ಕೋಹ್ನನು ನಿಶ್ಚಯಿಸಿದನು. ಎತ್ತರಕ್ಕೆ ಹೊಂದದ ಹಲಗೆ, ಅದರ ಮೇಲೆ ಬಾಗಿದ ಕತ್ತು, ಕತ್ತಲೆಯ ಕೊಠಡಿ, ಸಣ್ಣ ಅಚ್ಚು ಎಂದು ಕಾರಣಗಳನ್ನು ಎಣಿಸಿ, ಪ್ರತಿಯೊಂದಕ್ಕೂ ಅಳತೆಗಳನ್ನು ಕೊಟ್ಟನು. ಮೇಜು ಪೀಠಗಳ ಸುಧಾರಣೆಯು ಆ ಕಾಲದ ಒಂದು ಆಂದೋಲನವೇ ಆಯಿತು. ಅದರಿಂದ ಮಕ್ಕಳ ಬೆನ್ನಿಗೆ ಉಪಕಾರವಾಗಿದ್ದೀತು, ಕಣ್ಣಿಗಾಯಿತೆಂದು ತೋರುವುದಿಲ್ಲ. ಅಚ್ಚಿನ ವಿಷಯವು ನಮಗೆ ಹೆಚ್ಚು ಸಂಬಂಧಿಸಿದುದು. ಬಾಲಿನ ಕೊಂಬುಗಳಿಲ್ಲದ ಸಣ್ಣಕ್ಷರದ ಎತ್ತರವು ಒಂದೂವರೆ ಮಿಲಿಮೀಟರಿಗೆ ಕಡಮೆಯಿರಬಾರದೆಂದು ಅವನ ನಿಯಮ. ಇದನ್ನು ಕನ್ನಡಕ್ಕೆ ಅನ್ವಯಿಸಿದರೆ ಒಂದು ತೊಡಕು ಕಾಣುವುದು. ರೋಮನ್ ಲಿಪಿಯಲ್ಲಿ ಅಕ್ಷರಗಳೆಲ್ಲ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ನಮ್ಮಲ್ಲಿ ಒತ್ತಕ್ಷರವು ಕೆಳಗಿಳಿದು ಕಿರಿದಾಗಿ ಕುಳಿತುಕೊಳ್ಳುತ್ತದೆ. ಮೇಲಿನ ಅಕ್ಷರವು ನಿಯಮವನ್ನು ಪಾಲಿಸಿದರೂ ಒತ್ತು ಪಾಲಿಸದಿರಬಹುದು. ‘ಸ್ತ್ರೀ’ ‘ರಾಷ್ಟ್ರ’ ಮೊದಲಾದ ಪದಗಳಲ್ಲಿ ಎರಡು ಒತ್ತುಗಳು ಸೇರಿದಾಗ ಬಾಲಕನು ಓದುತ್ತಾನೋ ಊಹಿಸುತ್ತಾನೋ ಎಂಬುದು ಸಂದೇಹವೇ. ನಮ್ಮ ಸಟೀಕ ಸಂಸ್ಕೃತಗ್ರಂಥಗಳಲ್ಲಂತೂ ಮೂಲಕ್ಕೆ ದಪ್ಪಕ್ಷರ, ವ್ಯಾಖ್ಯಾನಕ್ಕೆ ಸಣ್ಣಕ್ಷರ, ಟಿಪ್ಪಣಿಗೆ ಇರುವೆಯಂಥ ಅಕ್ಷರ. ಅರ್ಥವು ಹೆಚ್ಚಾದಂತೆಲ್ಲ ಅಕ್ಷರವು ಕುಗ್ಗುತ್ತ ಹೋಗುವುದು ಮುದ್ರಕರ ಸಂಪ್ರದಾಯ.

ಪಾಠಶಾಲೆಯ ಒಂದು ಸಂಗತಿಯನ್ನು ಇಲ್ಲಿ ಹೇಳಬೇಕಾಗಿದೆ. ನನ್ನ ಸಹಾಧ್ಯಾಯಿಯೊಬ್ಬನು ಅಮರವನ್ನೂ ಶಬ್ದರೂಪಗಳನ್ನೂ ಒಂದೇ ಸಲ ಕೇಳಿ ಒಪ್ಪಿಸುತ್ತಿದ್ದನು. ಕೌಮುದಿಯ ಪಾಠಕ್ಕೆ ಬಂದಾಗ ಗುರುಗಳು ಪ್ರಕ್ರಿಯೆಯನ್ನು ಕರಿಹಲಗೆಯ ಮೇಲೆ ಸಾಲುಸಾಲಾಗಿ ಬರೆದು ತೋರಿಸತೊಡಗಿದರು. ಅವನು ಪಕ್ಕದವನ ಓಲೆಯನ್ನು ನೋಡಿ ಬರೆದುಕೊಳ್ಳುವುದಕ್ಕೆ ಹೋಗಿ ಏಟು ತಿಂದನು. ಹಲಗೆಯನ್ನು ನೋಡಿ ಓದೆಂದಾಗ ಸುಮ್ಮನೆ ನಿಂತನು. ಅವನಿಗೆ ಮಂದಮತಿಯೆಂಬ ಹೆಸರು ಬಿದ್ದಿತು. ಮಂದಮತಿಗಳಿಗೆ ಹಿಂದಿನ ಸಾಲೆಂಬುದು ಅಲ್ಲಿಯ ಪದ್ಧತಿ. ಹೀಗೆ ಎರಡು ವರ್ಷ. ಒಂದು ದಿನ ಯಾರೋ ಅತಿಥಿಗಳು ಊಟಕ್ಕೆ ಕುಳಿತಾಗ ಜಗಲಿಯ ಮೇಲೆ ಇಟ್ಟಿದ್ದ ಕನ್ನಡಕವನ್ನು ಅವನು ವಿನೋದಕ್ಕೆಂದು ಹಾಕಿಕೊಂಡನು. ನಾವು ನಗುತ್ತಿದ್ದೆವು. ಅವನು ನಗಲಿಲ್ಲ. ಎದುರುಮನೆಯ ಮಾಡಿನ ಹೆಂಚುಗಳನ್ನು ಬೆರಳಿಟ್ಟು ಒಂದೊಂದಾಗಿ ಎಣಿಸತೊಡಗಿದನು. ಹೆಂಚುಗಳು ಬೇರೆಬೇರೆಯಾಗಿ ಕಾಣುವ ವಸ್ತುಗಳೆಂದು ಅವನಿಗೆ ಅಂದಿನವರೆಗೆ ತಿಳಿದಿರಲಿಲ್ಲ. ಅವನನ್ನು ಮಂದಮತಿಯೆಂದವರಲ್ಲಿ ನಾನೂ ಒಬ್ಬನಾಗಿದ್ದೆನು. ಮುಂದೆ ಮೂವತ್ತು ವರ್ಷ ಪಾಠ ಹೇಳುವಾಗ ನಾನು ಎಷ್ಟು ಮಂದಿಯನ್ನು ಹಾಗೆ ತಿಳಿದೆನೋ.

ವಿಷಯಕ್ಕೆ ಬರೋಣ. ಕೋಹ್ನನ ಎಣಿಕೆಯ ಫಲವಾಗಿ ಶಾಲಾವೈದ್ಯರ ಏರ್ಪಾಡಿಗೆ ಬಲ ಬಂದಿತು. ಇಂಗ್ಲೆಂಡಿನಲ್ಲಿ ಶಾಲಾಮಕ್ಕಳ ವೈದ್ಯಪರೀಕ್ಷೆಯನ್ನು ಕಡ್ಡಾಯಮಾಡಿದ ಶಾಸನವು 1907ರದು. ಅದರ ಮರುವರ್ಷವೇ ಲಂಡನ್ನಿನ ಕ್ಯಾಂಬರ್‌ವೆಲ್ ಭಾಗದಲ್ಲಿ ಸಮೀಪದೃಷ್ಟಿಯ ಮಕ್ಕಳಿಗೆಂದೇ ಒಂದು ತರಗತಿಯು ಪ್ರಾರಂಭವಾಯಿತು. ಇದರ ಪ್ರವರ್ತಕರಲ್ಲಿ ಮುಖ್ಯನು ಬಿಷಪ್ ಹಾರ್ಮನ್ ಎಂಬ ನೇತ್ರವೈದ್ಯ (ಬಿಷಪ್ ಎಂಬುದು ಅವನ ಹೆಸರಿನ ಭಾಗವೇ ಹೊರತು ಪದವಿಯಲ್ಲ). ಅಲ್ಲಿ ಪುಸ್ತಕವಿಲ್ಲ, ಲೇಖನಿಯಿಲ್ಲ. ಮಕ್ಕಳು ಬಾಯಿಪಾಠ ಕೇಳಬೇಕು, ಕೈಗೆಲಸ ಕಲಿಯಬೇಕು, ಬರೆಯುವುದಾದರೆ ಕರಿಹಲಗೆಯ ಮೇಲೆ ತೋಳನ್ನು ಚಾಚಿ ಸೀಮೆಸುಣ್ಣದಿಂದ ದೊಡ್ಡದಾಗಿ ಬರೆಯಬೇಕು. ಇದರ ಮಾದರಿಯಲ್ಲಿ ಅಮೆರಿಕದ ಬಾಸ್ಟನ್ನಿನಲ್ಲಿ 1913ರಲ್ಲಿ ‘ದೃಷ್ಟಿರಕ್ಷಣ ತರಗತಿ’ಗಳು ಹುಟ್ಟಿ ದೇಶದಲ್ಲೆಲ್ಲ ಹರಡಿದುವು. ಓದಿದರೆ ಕಣ್ಣು ಖರ್ಚಾಗುವುದು, ಎಣ್ಣೆಯನ್ನು ಉಳಿಸುವಂತೆ ಅದನ್ನು ಉಳಿಸಬೇಕು ಎಂಬ ಭಾವನೆಯೇ ಇದರ ಬುಡ. ಕಣ್ಣನ್ನು ಉಪಯೋಗಿಸುವುದರಿಂದ ದೃಷ್ಟಿಯು ಸವೆಯುವುದಿಲ್ಲವೆಂದು ನಿಶ್ಚಿತವಾದಮೇಲೆ, 20ನೆಯ ಶತಮಾನದ ಮಧ್ಯಭಾಗದಿಂದ ಈ ತರಗತಿಗಳು ಕ್ರಮೇಣ ಮುಚ್ಚಿದುವು. ಉದ್ದೇಶವು ದಯೆಯೇ ಆಗಿತ್ತು. ಆದರೂ ಹತ್ತಿರದ ಪುಸ್ತಕವೊಂದೇ ಸ್ಪಷ್ಟವಾಗಿ ಕಾಣುತ್ತಿದ್ದ ಮಕ್ಕಳ ಕೈಯಿಂದ ಆ ಪುಸ್ತಕವನ್ನೇ ಕಿತ್ತುಕೊಂಡಂತಾಯಿತು.

ಈ ನಡುವೆ ವಿದ್ವಾಂಸರ ಮತವು ಮತ್ತೊಂದು ಕಡೆಗೆ ವಾಲಿತ್ತು. ಸ್ವಿಟ್ಜರ್ಲೆಂಡಿನ ಸ್ಟೈಗರನು 1913ರಲ್ಲಿ ಬರೆದ ಗ್ರಂಥದಿಂದ ಮೊದಲ್ಗೊಂಡು, ಸಮೀಪದೃಷ್ಟಿಯು ಕುಲಾಗತವಾದುದು, ಶಾಲೆಯು ನಿರಪರಾಧಿ ಎಂಬ ಅಭಿಪ್ರಾಯವು ಬಲವಾಯಿತು. ತಂದೆತಾಯಿಗಳಲ್ಲಿ ಈ ದೋಷವಿದ್ದರೆ ಮಕ್ಕಳಿಗೆ ಬರುವ ಸಂಭವವು ಹೆಚ್ಚೆಂಬುದು ನಿಜವೇ. ಆದರೆ 1969ರಲ್ಲಿ ಅಲಾಸ್ಕದ ಉತ್ತರ ತುದಿಯ ಎಸ್ಕಿಮೋ ಜನರಲ್ಲಿ ನಡೆದ ಪರೀಕ್ಷೆಯು ಈ ಮತಕ್ಕೆ ಪೆಟ್ಟನ್ನು ಕೊಟ್ಟಿತು. ಶಾಲೆಯನ್ನು ಕಾಣದ ಹಿರಿಯರಲ್ಲಿ ದೋಷವು ಇಲ್ಲವೆನ್ನುವಷ್ಟು ವಿರಳ. ಶಾಲೆಗೆ ಹೋದ ಅವರ ಮಕ್ಕಳು ಮೊಮ್ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು. ರಕ್ತವು ಒಂದು ತಲೆಮಾರಿನಲ್ಲಿ ಹೀಗೆ ಬದಲಾಗುವುದಿಲ್ಲ. 1993ರಲ್ಲಿ ಪ್ರಕಟವಾದ ಮತ್ತೊಂದು ಪರೀಕ್ಷೆಯು ನಮ್ಮಂಥವರಿಗೆ ಇನ್ನೂ ಹತ್ತಿರದ್ದು. ಇಸ್ರೇಲಿನ ಸಂಪ್ರದಾಯಸ್ಥ ಯೆಹೂದ್ಯರ ಗಂಡುಮಕ್ಕಳು ಎಳೆವಯಸ್ಸಿನಿಂದ ಧರ್ಮಗ್ರಂಥಗಳನ್ನೂ ಅವುಗಳ ಸುತ್ತ ಸಣ್ಣಕ್ಷರದಲ್ಲಿ ಮುದ್ರಿಸಿದ ವ್ಯಾಖ್ಯಾನಗಳನ್ನೂ ದಿನವೆಲ್ಲ, ಮೈಯನ್ನು ಹಿಂದುಮುಂದಕ್ಕೆ ತೂಗುತ್ತ ಓದುತ್ತಾರೆ. ಅವರಲ್ಲಿ ನೂರಕ್ಕೆ ಸುಮಾರು ಎಂಬತ್ತು ಮಂದಿ ಸಮೀಪದೃಷ್ಟಿಯವರು. ಅದೇ ಸಮಾಜದ, ಆದರೆ ಅಷ್ಟು ಓದಿನ ನಿರ್ಬಂಧವಿಲ್ಲದ ಹೆಣ್ಣುಮಕ್ಕಳಲ್ಲಿ ಮೂರನೆಯ ಒಂದು ಪಾಲಿಗಿಂತ ತುಸು ಹೆಚ್ಚು.

ಹಾಗಾದರೆ ಕೋಹ್ನನು ಹೇಳಿದುದೇ ಸಿದ್ಧಾಂತವೋ? ಇಲ್ಲಿ ನ್ಯಾಯಶಾಸ್ತ್ರದ ಒಂದು ಪರಿಭಾಷೆಯು ಉಪಯೋಗಕ್ಕೆ ಬರುತ್ತದೆ. ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದೆಂದು ಹೇಳಲಾಗದು, ಕಾದ ಕಬ್ಬಿಣದಲ್ಲಿ ಬೆಂಕಿಯಿದೆ, ಹೊಗೆಯಿಲ್ಲ. ಹಸಿಕಟ್ಟಿಗೆಯ ಸಂಯೋಗವಿದ್ದರೆ ಮಾತ್ರ ಹೊಗೆ. ಆ ಹಸಿಕಟ್ಟಿಗೆಗೆ ‘ಉಪಾಧಿ’ಯೆಂದು ಹೆಸರು. ಶಾಲೆಯಿದ್ದಲ್ಲಿ ಸಮೀಪದೃಷ್ಟಿಯೆಂಬ ವ್ಯಾಪ್ತಿಗೂ ಇಂಥ ಉಪಾಧಿಯೊಂದು ಇರಬಹುದಷ್ಟೆ? ವೇರನು ಹೇಳಿದ ಸೈನಿಕಶಾಲೆಯೂ ಶಾಲೆಯೇ. ಅಲ್ಲಿ 1300ಕ್ಕೆ ಮೂವರು ಮಾತ್ರ. ಈ ವ್ಯಭಿಚಾರವನ್ನು ಆಗ ಯಾರೂ ಕೆದಕಲಿಲ್ಲ.

ಕೆದಕಿದಂತಾದುದು 2008ರಲ್ಲಿ. ಆಸ್ಟ್ರೇಲಿಯದ ಸಿಡ್ನಿಯಲ್ಲಿಯೂ ಸಿಂಗಪುರದಲ್ಲಿಯೂ ಇರುವ, ಚೀನೀ ವಂಶದ ಆರೇಳು ವರ್ಷದ ಮಕ್ಕಳನ್ನು ಹೋಲಿಸಿ ನೋಡಿದರು. ಸಿಂಗಪುರದಲ್ಲಿ ನೂರಕ್ಕೆ 29.1, ಸಿಡ್ನಿಯಲ್ಲಿ 3.3. ಕುಲವು ಒಂದೇ. ಸಿಡ್ನಿಯ ಮಕ್ಕಳು ವಾರಕ್ಕೆ ಓದುತ್ತಿದ್ದ ಪುಸ್ತಕಗಳು ಕಡಮೆಯಲ್ಲ, ಹೆಚ್ಚೇ. ಎದ್ದುಕಂಡ ಭೇದವೊಂದೇ: ಮನೆಯ ಹೊರಗೆ ಕಳೆಯುತ್ತಿದ್ದ ಕಾಲವು ಸಿಡ್ನಿಯಲ್ಲಿ ವಾರಕ್ಕೆ ಹದಿನಾಲ್ಕು ಗಂಟೆಗಳಷ್ಟು, ಸಿಂಗಪುರದಲ್ಲಿ ಮೂರು. ಹಗಲ ಬೆಳಕಿನಿಂದ ಅಕ್ಷಿಪಟಲದಲ್ಲಿ ಡೋಪಮೀನ್ ಎಂಬ ದ್ರವ್ಯವು ಹೆಚ್ಚಾಗಿ ಒಸರಿ ನೇತ್ರಗೋಲದ ಅತಿವೃದ್ಧಿಯನ್ನು ತಡೆಯುವುದೆಂದು, ಕೋಳಿಮರಿ ಮೊದಲಾದ ಪ್ರಾಣಿಗಳ ಪರೀಕ್ಷೆಯ ಆಧಾರದಿಂದ ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಅನ್ವಯವನ್ನು ಕಂಡವರು ಪ್ರಯೋಗವನ್ನೂ ಮಾಡಿದರು. ಚೀನದ ಗ್ವಾಂಗ್‌ಜೌ ನಗರದ ಹನ್ನೆರಡು ಶಾಲೆಗಳಲ್ಲಿ ಆರಕ್ಕೆ, ಮಕ್ಕಳು ದಿನವೂ 40 ನಿಮಿಷ ಹೆಚ್ಚಾಗಿ ಹೊರಗಿರುವಂತೆ ಒಂದು ಪಾಠದ ಅವಧಿಯನ್ನು ಸೇರಿಸಿದರು. 2015ರಲ್ಲಿ ಪ್ರಕಟವಾದ ಫಲಿತಾಂಶದಂತೆ ಮೂರು ವರ್ಷಗಳಲ್ಲಿ ಹೊಸದಾಗಿ ದೋಷಹೊಂದಿದವರು ಆ ಶಾಲೆಗಳಲ್ಲಿ ನೂರಕ್ಕೆ 30.4, ಉಳಿದವುಗಳಲ್ಲಿ 39.5. ಭೇದವು ಬಹು ದೊಡ್ಡದಲ್ಲ. ಆದರೆ ಒಂದು ಕವಡೆಯ ಔಷಧವನ್ನೂ ಕೊಡದೆ ದೊರೆತುದು. ಹತ್ತಿರದ ಓದು ಸಂಪೂರ್ಣ ನಿರ್ದೋಷಿಯೆಂದು ಇದರಿಂದ ಸಿದ್ಧವಾಗುವುದಿಲ್ಲ. ಈಗಾಗಲೇ ದೋಷವು ಬಂದವರಿಗೆ ಹೊರಗಿನ ಬೆಳಕಿನಿಂದ ಆಗುವ ಗುಣವು ಅಲ್ಪವೆಂದೂ ಹೇಳಬೇಕು. ಅವರಿಗೆ ಕನ್ನಡಕವು ಬೇಕೇ ಬೇಕು. ಕನ್ನಡಕ ಹಾಕಿದರೆ ಕಣ್ಣು ಇನ್ನೂ ಕೆಡುವುದೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಇದೇ ಭಯದಿಂದ ವೈದ್ಯರೂ ಬೇಕಾದುದಕ್ಕಿಂತ ಕಡಮೆ ಶಕ್ತಿಯ ಮಸೂರವನ್ನು ಕೊಡುತ್ತಿದ್ದ ಕಾಲವಿತ್ತು. ಮಲೇಶಿಯದಲ್ಲಿ ನಡೆದು 2002ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ಹಾಗೆ ಕೊಟ್ಟ ಮಕ್ಕಳಲ್ಲಿಯೇ ದೋಷವು ಹೆಚ್ಚು ವೇಗವಾಗಿ ಬೆಳೆಯಿತು.

ಕೋಹ್ನನಿಗೆ ನ್ಯಾಯವನ್ನು ಸಲ್ಲಿಸುವುದಕ್ಕಾಗಿ ಒಂದು ಮಾತು ಉಳಿದಿದೆ. ಶಾಲೆಗೆ ಬೆಳಕು ಎಷ್ಟಿದ್ದರೂ ಅತಿಯಲ್ಲವೆಂಬುದು ಅವನ ಮತವಾಗಿತ್ತು. ತನ್ನ ನಗರದ ಭೌತವಿಜ್ಞಾನಿ ವೇಬರನು ನಿರ್ಮಿಸಿದ ಯಂತ್ರದಿಂದ ಬೆಂಚುಬೆಂಚಿನ ಬೆಳಕನ್ನು ಅಳೆದು, ಪ್ರತಿಯೊಂದು ಬೆಂಚಿನ ಮೇಲೂ ಕನಿಷ್ಠಪಕ್ಷ ಹತ್ತು ಮೀಟರ್-ಕ್ಯಾಂಡಲಿನಷ್ಟು ಬೆಳಕಿರಲೇಬೇಕೆಂದು ಅವನು ಹಟಹಿಡಿದನು. ಹತ್ತು ಮೇಣದ ಬತ್ತಿಗಳನ್ನು ಒಂದು ಮೀಟರು ದೂರದಲ್ಲಿಟ್ಟರೆ ಬೀಳುವ ಬೆಳಕು ಅದು. ಇಂದಿನ ಲೆಕ್ಕದಲ್ಲಿ ಹತ್ತು ಲಕ್ಸ್. ಅಷ್ಟನ್ನು ಕೇಳುವುದೇ ಆಗ ಸಾಹಸವಾಗಿತ್ತೆಂದರೆ ಆ ಕೊಠಡಿಗಳು ಹೇಗಿದ್ದಿರಬೇಕು! ಇಂದಿನ ಒಳ್ಳೆಯ ಕೊಠಡಿಯಲ್ಲಿ ಮುನ್ನೂರರಿಂದ ಐನೂರು ಲಕ್ಸ್ ಇರುವುದು. ಹೊರಗೆ ಹಗಲಿನಲ್ಲಿ ಹತ್ತು ಸಾವಿರಕ್ಕೂ ಮೇಲು. ಮರದ ನೆರಳಿನಲ್ಲಿ ಕುಳಿತರೂ ಸಾವಿರಾರು. ಬೆಳಕನ್ನು ಅವನು ಕೇಳಿದುದು ಅಕ್ಷರವು ಕಾಣಿಸಲೆಂದು, ಬಾಲಕನು ಬಾಗದಿರಲೆಂದು. ಬೆಳಕು ತಾನೇ ಕಣ್ಣಿನ ಬೆಳವಣಿಗೆಗೆ ಬೇಕಾದುದೆಂಬುದು ಅವನಿಗೆ ತಿಳಿದಿರುವ ಸಂಭವವಿರಲಿಲ್ಲ. ಹೇತುವು ಬೇರೆಯಾಗಿದ್ದರೂ ಸಾಧ್ಯವು ಸರಿಯಾಗಿತ್ತು. ಅಳತೆಯಲ್ಲಿ ಮಾತ್ರ ಅವನು ನೂರಾರು ಪಾಲು ಕಡಮೆ ಕೇಳಿದನು. ಸಂಥೆಯನ್ನು ಅಂಗಳದಲ್ಲಿ ಹೇಳಿಸುತ್ತಿದ್ದ ನಮ್ಮ ಹಿರಿಯರೂ ಕಣ್ಣನ್ನು ಮನಸ್ಸಿನಲ್ಲಿಟ್ಟುಕೊಂಡು ಹಾಗೆ ಮಾಡಿದವರಲ್ಲ. ಒಳಗೆ ಸೆಕೆ, ಜಗಲಿಯಲ್ಲಿ ಅಡಕೆ ಹರಡಿರುತ್ತಿತ್ತು, ಅಷ್ಟೆ.